ಬಿಸಿನೀರು ಒಗ್ಗದ ಕೂಸು

“ಈ ಮನ್ಯಾಗ ನನ್ನ ಮಾತು ಕೇಳೋರು ಒಬ್ಬರರೆ ಅದಾರೇನು?”

ಶ್ರೀರಂಜನಿ ಕೇಳಿದ್ದು ಅಡುಗೆಮನೆಯ ಕಿಟಕಿಯನ್ನು. ಗೋವಾದ ವಾಸ್ಕೋದ ಮೇ ತಿಂಗಳ ಸೆಕೆಯಲ್ಲಿ, ಗ್ಯಾಸಿನ ಮೇಲೆ ಅತ್ತೆ ಇಟ್ಟಿದ್ದ ದೊಡ್ಡ ಪಾತೇಲಿಯ ನೀರು ಕೊತಕೊತ ಕುದಿಯುತ್ತಿತ್ತು.

ಮಗಳು ಮೃದುಲಾಗೆ ಒಂದೂವರೆ ವರ್ಷ. ಮೈತುಂಬ ತೊಗರಿಬೇಳೆಯಗಲದ ಕಂದು ಮಚ್ಚೆಗಳು. ತಿಕ್ಕಿದರೆ ಕೆಂಪಾಗಿ ಉಬ್ಬುತ್ತವೆ. ಮಾಸ್ಟ್ ಸೆಲ್ ಎಂಬ ಜೀವಕೋಶಗಳು ಚರ್ಮದಲ್ಲಿ ಹೆಚ್ಚಾಗಿವೆ, ಬೆಳೆಯುತ್ತ ಕಡಿಮೆಯಾದಾವು, ಅಲ್ಲಿಯವರೆಗೆ ತಿಕ್ಕಬೇಡಿ, ಬಿಸಿನೀರು ಬೇಡ ಎಂದು ಡಾಕ್ಟರು ಬರೆದೇ ಕೊಟ್ಟಿದ್ದರು. ಬರೆದದ್ದನ್ನು ಓದುವವರು ಯಾರು? ಕೆಳಮನೆಯ ಸೋಮಿಬಾಯಿ, “ಖರೇನ ಉಬ್ಬತಾವೇನ್ರಿ?” ಎಂದು ಹೆಬ್ಬೆರಳಿನಿಂದ ಉಜ್ಜಿ ನೋಡಿಯೇ ಹೋಗಿದ್ದಳು.

ಧಾರವಾಡದಿಂದ ಬಂದ ಅತ್ತೆ ಪರಮೇಶ್ವರಿಯಂತೂ, ಪುರಾಣಕ್ಕೆ ಅರ್ಥ ಹೇಳುವವರ ಹಾಗೆ, ಡಾಕ್ಟರರ ಒಂದು ಮಾತಿಗೆ ಹತ್ತು ಅರ್ಥ ಹಚ್ಚಿದ್ದರು. ಹೋದ ವಾರ ಎಣ್ಣೆ ತಿಕ್ಕಿ, ಸುಡುಸುಡು ನೀರು ಎರೆದರು. ಕೂಸು ಕುಂಕುಮದಂತೆ ಕೆಂಪಾಗಿ, ಕತ್ತು ಚೆಲ್ಲಿ, ಆಸ್ಪತ್ರೆಯಲ್ಲಿ ಎರಡು ದಿನ ಇತ್ತು. ಅಷ್ಟಾದರೂ ಅವರು ಕಂಡುಕೊಂಡ ತಪ್ಪು ಒಂದೇ: “ನನಗ ಎರಿಯೋ ರೂಢಿ ತಪ್ಪೇದ. ಪಳಗಿದ ಕೈ ಬೇಕು.”

ಹಾಗಾಗಿ ಝುವಾರಿನಗರದ ಗೌರವ್ವನಿಗೆ ಕರೆ ಹೋಗಿತ್ತು. ಕೂಸುಗಳಿಗೆ ಎರೆಯುವುದೇ ಅವಳ ಕೆಲಸ.

“ಒಂದಿನ ನೋಡೂಣು ಬಿಡ. ಅವ್ವಗೂ ಸಮಾಧಾನ,” ಎಂದ ಗಂಡ ದಿನಕರ, ಪೇಪರಿನ ಹಿಂದಿನಿಂದ.

“ಕೂಸು ಹೋದಮ್ಯಾಲೆ ಮಾಡ್ಕೋರಿ ಸಮಾಧಾನ!”

ಗೌರವ್ವ ಬಂದಳು. ಸೀರೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಕಾಲು ಚಾಚಿ ಕೂತಳು. “ಬಾ ನನ್ನ ಬಂಗಾರ,” ಎಂದು ಪರಮೇಶ್ವರಿ ಎತ್ತಿಕೊಟ್ಟ ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಅಂಗಿ ಸರಿಸಿದಳು. ಚಡ್ಡಿಯ ಇಲಾಸ್ಟಿಕ್ ಒತ್ತಿದ್ದ ಕಡೆ, ಸೊಂಟದ ಸುತ್ತ, ಮಚ್ಚೆಗಳು ಸಾಲಾಗಿ ಬಾತಿದ್ದವು. ಎಣ್ಣೆಯ ಬಟ್ಟಲಿಗೆ ಹೋಗುತ್ತಿದ್ದ ಕೈ ನಿಂತಿತು.

“ಏನ್ರೀ ತಂಗಿ ಇದು?”

ಇಷ್ಟು ದಿನಗಳಲ್ಲಿ, ತಿಕ್ಕುವ ಮೊದಲು ಇದೇನೆಂದು ಶ್ರೀರಂಜನಿಯನ್ನು ಕೇಳಿದವಳು ಇವಳೊಬ್ಬಳೇ. ಒಂದೇ ಉಸಿರಿಗೆ ಹೇಳಿದಳು: ಉಬ್ಬುವುದು, ಬಿಸಿನೀರು, ಕೆಂಪಾದ ಮೈ, ಆಸ್ಪತ್ರೆ.

“ಆಕೀದು ದಿನಾ ಇದ್ದದ್ದ,” ಪರಮೇಶ್ವರಿ ನೀರಿನ ಪಾತೇಲಿ ತಂದಿಟ್ಟರು. “ನೀ ಎಣ್ಣಿ ಹಚ್ಚಿ ಗಟ್ಟಿ ತಿಕ್ಕು, ಗೌರವ್ವ. ನೀರು ಆರತಾವ.”

ಗೌರವ್ವ ಕೂಸಿನ ಅಂಗಿ ಮೆಲ್ಲಗೆ ಇಳಿಸಿ, ತಾಯಿಯ ಕೈಗೆ ಕೊಟ್ಟು ಎದ್ದಳು.

“ನೂರಾರು ಕೂಸಿಗೆ ಎರದೇನ್ರಿ ಅಮ್ಮಾರ. ಈ ಕೂಸಿಗೆ ನಾ ಎರಿಯಂಗಿಲ್ಲ.”