ಅಶ್ವತ್ಥನಾರಾಯಣನ ಉಪಚಾರದ ‘ಬೇಡ’

ನೋಯಿಡಾದ ಹೊಸ ಯೂನಿಟ್ಟಿಗೆ ಮ್ಯಾನೇಜರ್ ಆಗ್ತೀರಾ ಎಂದು ಖುರಾನಾ ಸಾಹೇಬರು ಬಾಯಿಬಿಟ್ಟು ಕೇಳಿದರು. ಹೂಂ ಅನ್ನುವುದಕ್ಕೇನು ಧಾಡಿ? ದೆಹಲಿಯ ಓಖ್ಲಾದಲ್ಲಿರುವ ಅವರ ಗಾರ್ಮೆಂಟ್ಸ್ ಕಂಪನಿಯ ಶಿಪ್ಪಿಂಗ್ ವಿಭಾಗದಲ್ಲಿ ತಲೆಗೂದಲು ಉದುರಿಸಿಕೊಂಡವನು ಅಶ್ವತ್ಥನಾರಾಯಣ. ಅದೇ ಕುರ್ಚಿಗಾಗಿ ಹೆಂಡತಿ ವೈಜಯಂತಿ ದೇವರಿಗೆ ಹರಕೆ ಬೇರೆ ಹೊತ್ತಿದ್ದಳು. ಅಂಥವನು ಕೈಮುಗಿದು, “ಅರೇ ನಹೀಂ ನಹೀಂ ಸಾಬ್, ನಾನೆಲ್ಲಿ, ಅಷ್ಟು ದೊಡ್ಡ ಜವಾಬ್ದಾರಿ ಎಲ್ಲಿ!” ಎಂದುಬಿಟ್ಟ.

ಬೇಡವಾಗಿತ್ತು ಅಂತಲ್ಲ. ಅವನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ತಪ್ಪೆಲ್ಲ ಅಲ್ಲಿಯದೇ. ಅಲ್ಲಿ ಯಾರ ಮನೆಗೆ ಹೋದರೂ ಕಾಫಿ ಎಂದ ಕೂಡಲೇ ಬೇಡ ಅನ್ನಬೇಕು. ಅವರು ಅರ್ಧ ಲೋಟ ಆದರೂ ಅನ್ನಬೇಕು. ಈಗ ತಾನೇ ಕುಡಿದು ಬಂದೆ ಅನ್ನಬೇಕು. ಅಷ್ಟರಲ್ಲಿ ಲೋಟ ಕೈಗೇ ಬಂದಿರುತ್ತದೆ. ಸಾಹೇಬರೂ ಇನ್ನೊಮ್ಮೆ ಒತ್ತಾಯ ಮಾಡುತ್ತಾರೆಂದು ಅವನು ಮುಗುಳ್ನಗುತ್ತ ಕಾದು ನಿಂತ. ಸಾಹೇಬರು, “ಅಚ್ಛಾ, ಕೋಯೀ ಬಾತ್ ನಹೀಂ” ಎಂದು ಮಾತನ್ನು ಅಲ್ಲಿಗೇ ಬಿಟ್ಟು ಫೋನ್ ಎತ್ತಿಕೊಂಡರು. ಸಂಜೆಯೊಳಗೆ ಆ ಕುರ್ಚಿ ನಿನ್ನೆ ಮೊನ್ನೆ ಸೇರಿದ ಚಡ್ಢಾನ ಪಾಲಾಯಿತು.

ಕಾಲ್ಕಾಜಿಯ ಮನೆಯಲ್ಲಿ ವೈಜಯಂತಿ ಹಣೆ ಚಚ್ಚಿಕೊಂಡಳು. “ಬೇಡ ಅಂತ ನೀವೇ ಅಂದ್ರಾ?”

“ಸುಮ್ಮನೆ ಉಪಚಾರಕ್ಕೆ ಅಂದೆ ಕಣೇ. ಇನ್ನೊಂದು ಸಲ ಕೇಳಬಾರದಿತ್ತಾ ಆ ಮನುಷ್ಯ?”

ಮಗಳು ಧಾರಿಣಿ ಟಿವಿಯಿಂದ ಕಣ್ಣು ತೆಗೆಯದೆ ತೀರ್ಪು ಕೊಟ್ಟಳು. “ಪಪ್ಪಾ, ಅವರು ಪೂಛಾ, ನೀವು ಮನಾ ಕಿಯಾ, ಬೇಡ ಅಂದ್ರಿ. ಫಿನಿಷ್.”

ಮರುದಿನದಿಂದಲೇ ಮನೆಯಲ್ಲಿ ಪಾಠ ಶುರು. ವೈಜಯಂತಿ “ಇನ್ನೊಂದು ದೋಸೆ?” ಅನ್ನುವಳು. ಅಭ್ಯಾಸಬಲದಿಂದ ಅವನು “ಸಾಕು ಸಾಕು” ಎಂದರೆ ಮುಗಿಯಿತು, ತಟ್ಟೆ ಸಿಂಕಿನಲ್ಲಿ! ಮೊದಲ ವಾರವೆಲ್ಲ ಬಡಪಾಯಿ ಅರೆಹೊಟ್ಟೆಯಲ್ಲೇ ಬಸ್ಸು ಹತ್ತಿದ. ಆಮೇಲಾಮೇಲೆ ಅವಳು ಕಾವಲಿ ಒಲೆಯ ಮೇಲಿಡುವುದೇ ತಡ, “ಹೂಂ, ಹಾಕು!” ಎಂದು ಕೂಗತೊಡಗಿದ.

ಅಷ್ಟರಲ್ಲಿ ಚಡ್ಢಾ ಗುಡಗಾಂವಿನ ಇನ್ನೊಂದು ಕಂಪನಿಗೆ ಹಾರಿದ. ಕುರ್ಚಿ ಮತ್ತೆ ಖಾಲಿ. ಸಾಹೇಬರು ಅಶ್ವತ್ಥನಾರಾಯಣನನ್ನು ಕರೆಸಿದರು. ಈ ಸಲ ತಪ್ಪಿದರೆ ರಿಟೈರ್ ಆಗುವವರೆಗೂ ಅದೇ ಮೂಲೆ, ಅದೇ ಮೇಜು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಚಾಯ್?” ಎಂದರು ಸಾಹೇಬರು, ಉತ್ತರ ಗೊತ್ತಿದ್ದವರಂತೆ ಫೈಲು ನೋಡುತ್ತಲೇ.

“ಹಾಂ ಜೀ!”

ಸಾಹೇಬರು ತಲೆ ಎತ್ತಿದರು. “ಸಮೋಸಾ?”

“ಹಾಂ ಜೀ!”

ಸಮೋಸಾ ಬಂತು. ಅವನು ತಿನ್ನುವುದನ್ನೇ ಸಾಹೇಬರು ಕಣ್ಣು ಬಿಟ್ಟು ನೋಡಿದರು. “ನಾರಾಯಣ್‌ಜೀ, ಇಷ್ಟು ವರ್ಷದಲ್ಲಿ ನಮ್ಮ ಒಂದು ಕಪ್ ಚಹಾ ಕುಡಿದಿಲ್ಲ ನೀವು. ನನ್ನ ಮಗಳ ಮದುವೆಗೆ ಬಂದು ಒಂದು ಲಡ್ಡು ಸಹ ಮುಟ್ಟಲಿಲ್ಲ. ನಮ್ಮನ್ನು ಕಂಡರೆ ನಿಮಗೆ ಆಗುವುದಿಲ್ಲ ಅಂದುಕೊಂಡಿದ್ದೆ. ಮನಸ್ಸಿಗೆ ಬಹಳ ನೋವಾಗಿತ್ತು.”

ಆ ಲಡ್ಡುವಿನ ಮೇಲೆ ಎಷ್ಟು ಆಸೆಯಿತ್ತೋ ಅಶ್ವತ್ಥನಾರಾಯಣನಿಗೇ ಗೊತ್ತು! ಎರಡನೇ ಸಲ ಯಾರೂ ಕೇಳದೆ ಮನೆಗೆ ಬಂದು ಮೊಸರನ್ನ ಉಂಡಿದ್ದ. ಛೆ, ಇಷ್ಟು ದಿನ ಮರ್ಯಾದೆ ಅಂದುಕೊಂಡು ಒಬ್ಬ ಒಳ್ಳೆಯ ಮನುಷ್ಯನ ಮನಸ್ಸು ನೋಯಿಸಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

“ಸರಿ, ಇನ್ನೊಮ್ಮೆ ಕೇಳುತ್ತೇನೆ. ನೋಯಿಡಾ ನೋಡಿಕೊಳ್ತೀರಾ?”

ಹಾಳು ‘ನಹೀಂ ನಹೀಂ’ ಗಂಟಲಿನವರೆಗೂ ಎದ್ದು ಬಂತು. ಪುಣ್ಯಕ್ಕೆ ಬಾಯಿತುಂಬ ಆಲೂಗಡ್ಡೆಯಿತ್ತು. ಕಣ್ಣಲ್ಲಿ ನೀರು ಬರುವಂತೆ ನುಂಗಿ, “ಹಾಂ ಜೀ!” ಅಂದ.

ಸಾಹೇಬರು ಎದ್ದು ಬಂದು ತಬ್ಬಿಕೊಂಡರು. “ಭಾನುವಾರವೂ ಒಂದು ಸುತ್ತು ಹೋಗಿಬರ್ತೀರಲ್ಲ?”

“ಹಾಂ ಜೀ!”

“ನನ್ನ ಹೆಂಡತಿಯ ತಮ್ಮನನ್ನೂ ಅಲ್ಲಿಗೇ ಹಾಕ್ತೀನಿ. ಬೆಳಿಗ್ಗೆ ಏಳುವುದೊಂದು ಕಷ್ಟ ಅವನಿಗೆ. ಮನೆಗೆ ಹೋಗಿ ಎಬ್ಬಿಸಿ ಕರೆದುಕೊಂಡು ಹೋಗ್ತೀರಾ?”

“ಹಾಂ ಜೀ!”

ಹೊರಗೆ ಬಂದವನೇ ಮನೆಗೆ ಫೋನ್ ಮಾಡಿದ. “ಮ್ಯಾನೇಜರ್ ಆದೆ ಕಣೇ!” ವೈಜಯಂತಿ ಖುಷಿಗೆ ಅತ್ತೇಬಿಟ್ಟಳು. ಅವಳು ಮೂಗು ಒರೆಸಿಕೊಳ್ಳುವವರೆಗೆ ಕಾದು, ಮೆಲ್ಲಗೆ ಭಾನುವಾರದ ವಿಷಯ ಹೇಳಿದ. ಆಮೇಲೆ ಸಾಹೇಬರ ಭಾವಮೈದುನನ ವಿಷಯ.

ಅಳು ಗಕ್ಕನೆ ನಿಂತಿತು. “ಅದಕ್ಕೂ ಹೂಂ ಅಂದ್ರಾ?”

“ನೀನೇ ತಾನೇ ಹೇಳಿಕೊಟ್ಟಿದ್ದು?”

“ಅಯ್ಯೋ ರಾಮ! ಹೂಂ ಅನ್ನೋದು ಬರಲ್ಲ ಅಂತ ಹೇಳಿಕೊಟ್ಟೆ ಕಣ್ರೀ. ಬೇಡ ಅನ್ನೋದು ನಿಮಗೆ ಬರುತ್ತೆ ಅಂದುಕೊಂಡಿದ್ದೆ!”