ಹೆಸರಿಡದ ನೊಣ

ವಾಚಕ ಮಹಾಶಯರೇ, ಅಲ್ಪಮತಿಯಾದ ನಾನು ಈಗ ತಮ್ಮ ಅವಗಾಹನೆಗೆ ತರಲಿರುವ ವೃತ್ತಾಂತದಲ್ಲಿ ಕೊಲೆಯಿಲ್ಲ, ಕಳವಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದಾದ ಯಾವ ಅಪರಾಧವೂ ಇಲ್ಲ. ಆದಾಗ್ಯೂ ಮಿರಮಿಶಿ ನದಿಯ ದಂಡೆಯಲ್ಲಿ ಇದನ್ನು ಕೇಳಿದವರಲ್ಲಿ ಒಬ್ಬರಾದರೂ ಹಾಲಿಸ್ ಮನ್ನನ ಪರವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ.

ಗಾಳದ ಕೊಕ್ಕೆಗೆ ರೋಮವನ್ನೂ ಗರಿಯನ್ನೂ ಬಿಗಿದು ಮಾಡುವ ನೊಣಗಳಲ್ಲಿ ಕೆಲವು ಯಾವ ನಿಜವಾದ ಹುಳುವನ್ನೂ ಹೋಲುವುದಿಲ್ಲ. ಕಡಲಿನಿಂದ ಹೊಳೆಗೇರುವ ಸಾಲ್ಮನ್ ಮೀನು ದಾರಿಯಲ್ಲಿ ಏನನ್ನೂ ತಿನ್ನದು. ಅದನ್ನು ಕೆಣಕಿ, ರೇಗಿಸಿ ಬಾಯಿ ತೆರೆಸಬೇಕು. ಹೊರಗಿನಿಂದ ಬರುವ ಅತಿಥಿಗಳಿಗೆ ಮೀನು ಹಿಡಿಸಿಕೊಡುವ ಗೈಡ್ ವೆಲ್ಡನ್ ಹೋವಿ ಆ ಚಳಿಗಾಲದಲ್ಲಿ ಕಟ್ಟಿದ್ದು ಅಂಥ ನೊಣ. ಮೈತುಂಬ ಬೆಳ್ಳಿಯ ತಗಡು, ಬಾಲಕ್ಕೆ ಕೆಂಪು ಉಣ್ಣೆ, ಬೆನ್ನಿಗೆ ಜಿಂಕೆಬಾಲದ ಹೊಂಬಣ್ಣದ ರೋಮ. ಆ ಹೊಂಬಣ್ಣ ಯಾವ ಅಂಗಡಿಯದೂ ಅಲ್ಲ. ಅವನ ಹೆಂಡತಿ ಇಡೆಲ್ಲಾ ಈರುಳ್ಳಿ ಸಿಪ್ಪೆಯನ್ನು ಬೇಯಿಸಿದ ನೀರಿನಲ್ಲಿ ರೋಮವನ್ನು ಅದ್ದಿ, ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ ಒಣಗಿಸಿದ್ದಳು. ಅದಾಗಿ ಹದಿನೈದು ದಿನಕ್ಕೆ ತೀರಿಕೊಂಡಳು.

ನೊಣಕ್ಕೆ ಅವಳ ಹೆಸರಿಡಬೇಕೆಂಬುದೊಂದೇ ವೆಲ್ಡನ್ನನಿಗೆ ಉಳಿದಿದ್ದ ಆಸೆ. ಆದರೆ ಅವನು ದುಡಿಯುತ್ತಿದ್ದ ಮೀನುಬೇಟೆಯ ಕ್ಯಾಂಪಿನಲ್ಲಿ ಒಂದು ಕಟ್ಟಳೆಯಿತ್ತು. ಹೊಸ ನೊಣವೊಂದು ಹತ್ತು ಪೌಂಡಿಗೆ ಮೇಲ್ಪಟ್ಟ ಸಾಲ್ಮನ್ನನ್ನು ದಡಕ್ಕೆ ತರುವವರೆಗೆ ಅದಕ್ಕೆ ಹೆಸರಿಲ್ಲ. ತಂದ ದಿನ, ಮೀನು ಹಿಡಿದವನು ಕ್ಯಾಂಪಿನ ಪುಸ್ತಕದಲ್ಲಿ ಬರೆದದ್ದೇ ಅದರ ಹೆಸರು. ಟ್ರೌಟ್‌ನಂಥ ಸಣ್ಣ ಮೀನು ಎಷ್ಟು ಸಿಕ್ಕರೂ ಲೆಕ್ಕಕ್ಕಿಲ್ಲ. ಬರೆದುದನ್ನು ಹೊಡೆದುಹಾಕುವಂತೆಯೂ ಇಲ್ಲ.

ಗೈಡುಗಳಿಗೆ ತಮ್ಮ ಗಾಳ ಬೀಸಲು ಸಿಗುತ್ತಿದ್ದುದು ಅತಿಥಿಗಳು ಬದಲಾಗುವ ಶನಿವಾರದ ಮಧ್ಯಾಹ್ನ ಮಾತ್ರ. ಜುಲೈನ ಎರಡನೆಯ ಶನಿವಾರ, ಕರಿಬಂಡೆಯ ಮಡುವಿನಲ್ಲಿ ದೊಡ್ಡ ಮೀನೊಂದು ವೆಲ್ಡನ್ನನ ನೊಣದ ಹಿಂದೆ ಮೇಲೆದ್ದು, ಬೆನ್ನು ತೋರಿಸಿ, ಮುಟ್ಟದೆ ಮುಳುಗಿತು. ರಾತ್ರಿಯೂಟದ ಬೀನ್ಸ್ ಮುಂದೆ ಕುಳಿತು ಅವನು ಅದನ್ನು ಹೇಳಿದ್ದು ಒಬ್ಬನಿಗೇ. ಇಪ್ಪತ್ತಾರು ವರ್ಷ ಕ್ಯಾಂಪಿನ ಒಂದೇ ಗುಡಿಸಲಿನಲ್ಲಿ ಅವನೊಂದಿಗೆ ಮಲಗೆದ್ದ, ಇಡೆಲ್ಲಾಳ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಜೊತೆಗಾರ ಗೈಡ್ ಹಾಲಿಸ್‌ಗೆ.

"ಬಂಡೆಯಿಂದ ಎಷ್ಟು ದೂರ ಕಣೋ?" ಎಂದ ಹಾಲಿಸ್.

"ಒಂದೂವರೆ ದೋಣಿ ಉದ್ದದಷ್ಟು ಕೆಳಗೆ. ಬರೋ ಶನಿವಾರ ಬಿಡಲ್ಲ ಅದನ್ನ. ಅವಳ ಹೆಸರು ಬರೆದೇ ಊಟ."

"ಬರೀತೀಯ ಬಿಡು. ನಿನ್ನ ಅಕ್ಷರ ಓದೋಕೆ ಪಾದ್ರಿಗಳನ್ನೇ ಕರೆಸಬೇಕಾಗುತ್ತೆ, ಅಷ್ಟೆ." ಹಾಲಿಸ್ ಬ್ರೆಡ್ಡಿನ ತುಂಡಿನಿಂದ ತಟ್ಟೆಯನ್ನು ಒರೆಸಿಕೊಂಡ. "ಒಂದು ನೊಣ ಕೊಡೋ ನಂಗೂ. ತೊರೆ ಬಾಯಲ್ಲಿ ಟ್ರೌಟ್ ಹಿಡಿದು ಮನೆಗೆ ಕಳಿಸ್ತೀನಿ. ನಮ್ಮವಳು ಬಾಣಲಿ ಇಟ್ಕೊಂಡು ಕಾಯ್ತಾ ಇದಾಳೆ."

ವೆಲ್ಡನ್ ಟೋಪಿಗೆ ಚುಚ್ಚಿಟ್ಟಿದ್ದ ಅದೇ ಬಗೆಯ ನೊಣಗಳಲ್ಲಿ ಒಂದನ್ನು ಬಿಡಿಸಿ ಕೊಟ್ಟ. ಹೆಸರಿಡದ ನೊಣವನ್ನು ಇನ್ನೊಬ್ಬನ ಕೈಗೆ ಕೊಡಬಾರದೆಂದು ಆ ಹೊಳೆಯ ಎಳೆಯ ಗೈಡಿಗೂ ತಿಳಿದಿತ್ತು. ಆದರೆ ಟ್ರೌಟಿಗೆ ತಾನೆ, ಹಾಲಿಸ್ ತಾನೆ ಎಂದುಕೊಂಡ.

ಬುಧವಾರ ನಡುಹಗಲು ವೆಲ್ಡನ್ ತನ್ನ ಅತಿಥಿಯನ್ನು ಕೂರಿಸಿಕೊಂಡು ದೋಣಿಯನ್ನು ದಡಕ್ಕೆ ತಂದಾಗ ಕ್ಯಾಂಪಿನ ಜಗಲಿಯಲ್ಲಿ ಗದ್ದಲವೋ ಗದ್ದಲ. ತಕ್ಕಡಿಯ ಕೊಕ್ಕೆಯಲ್ಲಿ ಇಪ್ಪತ್ತೆರಡು ಪೌಂಡಿನ ಸಾಲ್ಮನ್ ತೂಗುತ್ತಿತ್ತು. ಅದರ ದವಡೆಯ ಮೂಲೆಯಲ್ಲಿ ಹೊಂಬಣ್ಣದ ರೋಮ ಬಿಸಿಲಿಗೆ ಹೊಳೆಯಿತು. ಹಾಲಿಸ್‌ನ ಅತಿಥಿ, ಹಾರ್ಟ್‌ಫರ್ಡಿನ ಡಾಕ್ಟರ್ ಥ್ರಾಲ್, ಮೂರು ದಿನದಿಂದ ಒಂದು ಮೀನನ್ನೂ ಕಾಣದೆ ಎಲ್ಲರ ಮೇಲೆ ಹರಿಹಾಯುತ್ತಿದ್ದವನು, ಈಗ ಸಿಕ್ಕಸಿಕ್ಕವರ ಕೈಕುಲುಕುತ್ತಿದ್ದ.

ವೆಲ್ಡನ್ ನೇರ ಒಳಗೆ ಹೋಗಿ ಪುಸ್ತಕವನ್ನು ತೆರೆದ. ಶಾಯಿ ಇನ್ನೂ ಆರಿರಲಿಲ್ಲ. ನೊಣದ ಹೆಸರೆಂಬಲ್ಲಿ ದುಂಡಗೆ ಬರೆದಿತ್ತು: ಬಿಸ್ಕಿಟ್.

"ಡಾಕ್ಟರ ನಾಯಿಯ ಹೆಸರಂತಪ್ಪ," ಎಂದಳು ಅಡುಗೆಯ ಮೆಲ್ಡಾ, ಬಾಗಿಲಲ್ಲೇ ನಿಂತು. "ಅದರ ಬಣ್ಣವೂ ಹೀಗೇ ಅಂತೆ. ಯಾಕೋ, ಮುಖ ಯಾಕೆ ಹಂಗಾಯ್ತು?"

ಹಾಲಿಸ್ ಮಂಜುಗಡ್ಡೆಯ ಕೊಟ್ಟಿಗೆಯ ಹಿಂದೆ ಸಿಕ್ಕಿದ. ಗಡ್ಡೆ ಕರಗದಂತೆ ಮುಚ್ಚುವ ಮರದ ಹೊಟ್ಟನ್ನು ಸಲಿಕೆಯಿಂದ ಸುಮ್ಮನೆ ಅತ್ತಿತ್ತ ಸರಿಸುತ್ತಿದ್ದ.

"ಟ್ರೌಟಿಗೆ ಅಂದಿದ್ದೆ," ಎಂದ ವೆಲ್ಡನ್.

"ಮೂರು ದಿನ ಕಣೋ! ಒಂದೇ ಒಂದು ಮೀನು ತಿರುಗಿ ನೋಡಲಿಲ್ಲ. ಮುಂದಿನ ವರ್ಷ ಬೇರೆ ಗೈಡ್ ನೋಡ್ಕೋತೀನಿ ಅಂದ ಆ ಮನುಷ್ಯ. ನಾನೇನು ಮಾಡ್ಲಿ?"

"ಮೀನು ಹೋಗ್ಲಿ. ಹೊಳೇಲಿರೋ ಮೀನು ಯಾರಪ್ಪನದೂ ಅಲ್ಲ. ನೊಣದ ಹೆಸರೇನು ಅಂತ ಕೇಳಿದ್ನಾ ಅವನು?"

ಹಾಲಿಸ್ ಸಲಿಕೆಯನ್ನು ನಿಲ್ಲಿಸಿದ.

"ಕೇಳ್ದ."

"ಏನಂದೆ?"

"ಇನ್ನೂ ಹೆಸರಿಟ್ಟಿಲ್ಲ ಅಂದೆ." ಸಲಿಕೆಯ ಹಿಡಿಗೆ ಒರಗಿ, "ಸುಳ್ಳೇನಲ್ಲವಲ್ಲೋ ಅದು? ಇಟ್ಟಿರಲಿಲ್ಲ ತಾನೆ?" ಎಂದ.

ವೆಲ್ಡನ್ ಅವನನ್ನೇ ನೋಡಿದ. ಹಾಲಿಸ್ ಡಾಕ್ಟರನಿಗೆ ಮೀನನ್ನಷ್ಟೇ ಬಿಟ್ಟುಕೊಟ್ಟಿದ್ದರೆ ತಾನು ನಕ್ಕುಬಿಡುತ್ತಿದ್ದ. ಜಾಗವನ್ನು ತೋರಿಸಿದ್ದಕ್ಕೆ ಒಂದು ವಾರ ಬೈದು ಮರೆಯುತ್ತಿದ್ದ. ಆದರೆ ಇವನು ಡಾಕ್ಟರನ ಕೈಯಲ್ಲಿ ಲೇಖನಿಯಿದ್ದ ಹೊತ್ತಿನಲ್ಲಿ, ಪಕ್ಕದಲ್ಲೇ ನಿಂತು, ಇಡೆಲ್ಲಾ ಎಂಬ ಮೂರಕ್ಷರವನ್ನು ನುಂಗಿಕೊಂಡಿದ್ದ. ಅವಳ ಕೈಯ ಬಿಸಿರೊಟ್ಟಿಯನ್ನು ಇಪ್ಪತ್ತಾರು ವರ್ಷ ತಿಂದ ಬಾಯಿ ಅದು.

"ಒಂದು ಮಾತು ಹೇಳಿದ್ರೆ ಬರೀತಿದ್ದ ಅವನು," ಎಂದ ವೆಲ್ಡನ್. "ಅಷ್ಟು ಖುಷೀಲಿದ್ದ."

"ಬೇಜಾರಾಗ್ತಾನೇನೋ ಅಂತ... ಅವನು ಆಗಲೇ ನಾಯಿ ಹೆಸರು ಅಂತ ಕುಣೀತಿದ್ದ ಮಾರಾಯ. ಇನ್ನೊಂದು ಕಟ್ಟು. ಬೆನ್ನಿಗೆ ಹಸಿರು ರೋಮ ಹಾಕು. ಅದಕ್ಕೆ ಅವಳ ಹೆಸರಿಡು. ನಾನೇ ದೋಣಿ ಹಾಕ್ತೀನಿ ಬಾ, ಶನಿವಾರ."

"ಅವಳು ಹಸಿರು ಅದ್ದಲಿಲ್ಲ, ಹಾಲಿಸ್."

ಅಷ್ಟರಲ್ಲಿ ಡಾಕ್ಟರ್ ಥ್ರಾಲ್ ಚುಟ್ಟಾ ಸೇದುತ್ತ ಅಲ್ಲಿಗೇ ಬಂದ. ಮುಖದ ತುಂಬ ಪ್ರೀತಿ. "ಇದನ್ನ ಕಟ್ಟಿದ್ದು ನೀವಂತೆ! ಎಂಥ ಕೈ ನಿಮ್ಮದು! ಊರಿಗೆ ಒಯ್ಯೋಕೆ ಒಂದು ಹನ್ನೆರಡು ಬಿಸ್ಕಿಟ್ ಕಟ್ಟಿಕೊಡ್ತೀರಾ?"

ಅವನ ಮೇಲೆ ವೆಲ್ಡನ್ನನಿಗೆ ಸಿಟ್ಟೇ ಬರಲಿಲ್ಲ. "ಆ ರೋಮ ಮುಗೀತು ಡಾಕ್ಟರೇ," ಎಂದ.

ಹಾಲಿಸ್‌ಗೆ ಅದು ಮುಗಿದಿಲ್ಲವೆಂದು ಗೊತ್ತಿತ್ತು. ಈ ಸಲವೂ ಅವನು ಬಾಯಿ ಬಿಡಲಿಲ್ಲ.

ಗುಡಿಸಲಿಗೆ ಬಂದ ವೆಲ್ಡನ್ ನೊಣ ಕಟ್ಟಲು ಮೇಜಿಗೆ ಬಿಗಿದಿದ್ದ ಪುಟ್ಟ ಇಕ್ಕಳದ ತಿರುಪನ್ನು ಸಡಿಲಿಸಿ ತೆಗೆದ. ದಾರದ ಉಂಡೆಗಳು, ಗರಿಗಳು, ಕತ್ತರಿ, ಅರಗಿನ ತುಂಡು, ಎಲ್ಲವೂ ಬಿಸ್ಕಿಟ್ಟಿನ ಹಳೆಯ ಡಬ್ಬಿಯೊಂದಕ್ಕೆ ಸೇರಬೇಕಿತ್ತು. ಡಬ್ಬಿಯ ಮೇಲಿನ ಚಿತ್ರವನ್ನು ಕಂಡು ಅದನ್ನು ಅಲ್ಲೇ ಬಿಟ್ಟು, ಎಲ್ಲವನ್ನೂ ಅಂಗಿಯೊಂದರಲ್ಲಿ ಗಂಟು ಕಟ್ಟಿದ. ಹಾಸಿಗೆಯನ್ನು ಸುರುಳಿ ಸುತ್ತಿದ. ದೋಣಿಯನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಟ್ರಕ್ಕಿಗೆ ಏರಿಸಿ ಹಗ್ಗ ಬಿಗಿಯತೊಡಗಿದಾಗ ಹಾಲಿಸ್ ಓಡಿಬಂದ.

"ಋತುವಿನ ನಡುವೆ ಬಿಟ್ಟುಹೋದರೆ ಯಾರು ತಗೋತಾರೋ ನಿನ್ನ? ಎಲ್ಲಿಗೆ ಹೊರಟೆ?"

"ಪುಸ್ತಕ ಇಲ್ಲದ ಹೊಳೆಗೆ."

ಹಾಲಿಸ್ ಹಗ್ಗದ ಇನ್ನೊಂದು ತುದಿಯನ್ನು ಹಿಡಿಯಲು ಕೈ ಚಾಚಿದ. ವೆಲ್ಡನ್ ಅದನ್ನು ತನ್ನ ಕಡೆಗೆ ಎಳೆದುಕೊಂಡು, ಆ ಗಂಟನ್ನೂ ತಾನೇ ಹಾಕಿ, ಟ್ರಕ್ಕನ್ನು ಹತ್ತಿ ಉತ್ತರದ ರಸ್ತೆಯನ್ನು ಹಿಡಿದ.