ಎಲೆಗಳ ಮೇಲಿನ ಕಂಬಳಿ

ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಅವಳದು ಕಲ್ಲೊರೆಸುವ ಕೆಲಸ. ಎದುರಿನ ಬೆಟ್ಟದಿಂದ ಅಗೆದು ತಂದ ಹಲಗೆಗಲ್ಲುಗಳ ಮೇಲೆ ಮೆಲ್ಲಗೆ ಬ್ರಷ್ ಆಡಿಸಿ, ಅಚ್ಚಾಗಿ ಕುಳಿತ ಎಲೆಗಳನ್ನು ಬೆಳಕಿಗೆ ತರಬೇಕು. ಕೆಳಗಿನ ಪದರದಲ್ಲಿ ಅಂಗೈಯಗಲದ, ನುಣುಪು ಅಂಚಿನ ಎಲೆಗಳು, ಬೆಚ್ಚನೆಯ ಕಾಡಿನವು. ಅವುಗಳ ಮೇಲೆ ದಪ್ಪ ಬೂದಿ. ಬೂದಿಯ ಮೇಲೆ ಬರೀ ಜರಿಗಿಡ. ಇನ್ನೂ ಮೇಲೆ ಚಿಕ್ಕಚಿಕ್ಕ ಎಲೆಗಳು, ಅಂಚಿಗೆಲ್ಲ ಗರಗಸದ ಹಲ್ಲು. ಅವು ಚಳಿಯಲ್ಲಿ ಬೆಳೆದ ಮರಗಳವು. ಎಂದೋ ಈ ಬೆಟ್ಟ ಜ್ವಾಲಾಮುಖಿಯಾಗಿ ಬಾಯಿ ಬಿಟ್ಟಾಗ ಬಿಸಿಲೇ ಮಂಕಾಗಿ, ಕಾಡಿಗೆ ಕಾಡೇ ನಿರ್ನಾಮವಾಗಿತ್ತು.

ಆ ಬೂದಿ ಪದರಕ್ಕೆ ಕೋಣೆಯವರು ಇಟ್ಟ ಹೆಸರು ಕಂಬಳಿ. ಅವಳ ಗಂಡನಿಗೂ ಆ ಮಾತು ಅಂಟಿಕೊಂಡಿತ್ತು. ಅದೇ ಬೆಟ್ಟದ ನೆತ್ತಿಯ ನರ್ಸರಿಯಲ್ಲಿ ಸಸಿ ಬೆಳೆಸುವವನು ಅವನು. ಸಂಜೆ ಅವಳ ಬಟ್ಟೆಯ ಧೂಳು ಕಂಡರೆ, “ಬಂದ್ಲಪ್ಪ ಕಂಬಳಿ ಹೊದ್ಕೊಂಡು!” ಎಂದು ಛೇಡಿಸುವನು.

ಈಚೆಗೆ ಬೆಳಗಾದರೆ ಮೇಜಿನ ಮೇಲೆ ಧೂಳು. ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಪಕ್ಕದಲ್ಲೇ ಮೆಷೀನಿನಲ್ಲಿ ಕಲ್ಲು ಕೊಯ್ಯುವವನನ್ನು ತರಾಟೆಗೆ ತೆಗೆದುಕೊಂಡಳು.

“ಮೆಷೀನು ಮುಚ್ಚೋಕೆ ನಿನಗೇನು ಧಾಡಿ?”

“ಮುಚ್ಚಿದೀನಿ ಅಕ್ಕಾ, ನನ್ನಾಣೆ.”

ಅವಳು ನಂಬಲಿಲ್ಲ. ಅವನು ಮುಖ ಊದಿಸಿಕೊಂಡು ರಜೆ ಹಾಕಿ ಹೋದ. ಮೆಷೀನು ತಣ್ಣಗೆ ಬಿದ್ದಿತ್ತು. ಆದರೂ ಇವತ್ತು ಮೇಜಿನ ಮೇಲೆ ಧೂಳು, ಅದೂ ಕಿಟಕಿಯ ಕಡೆಗೇ ಹೆಚ್ಚು.

ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು. ಕಲ್ಲಿನೊಳಗಿನ ಹಳೆಯ ಬೂದಿ ಜೇಡಿಯಾಗಿ ಹೋಗಿದೆ, ಜಾರುತ್ತದೆ. ಇದು ಚುಚ್ಚಿತು. ಭೂತಗನ್ನಡಿ ಹಿಡಿದು ನೋಡಿದರೆ ಗಾಜಿನ ಚೂರುಗಳು, ಹೊಸದಾಗಿ ಒಡೆದಂತೆ ಹೊಳೆಯುತ್ತಿದ್ದವು. ಇದು ಹೊಸ ಬೂದಿ. ಇಷ್ಟು ದಿನ ಇದನ್ನೇ ಒರೆಸಿ ಒರೆಸಿ ಕಸದ ಬುಟ್ಟಿಗೆ ಹಾಕಿದ್ದಳಲ್ಲ! ಸಾಹೇಬರಿಗೆ ಹೇಳಬೇಕು, ಊರಿಗೇ ಹೇಳಬೇಕು. ಆದರೆ ಕೈ ಮೊದಲು ಒತ್ತಿದ್ದು ಗಂಡನ ನಂಬರು.

“ರೀ, ಎಲ್ಲಿದೀರಿ?”

“ಇನ್ನೆಲ್ಲಿ? ಸಸಿ ತೊಳೀತಿದೀನಿ. ದಿನಾ ಎಲೆ ಮೇಲೆ ಧೂಳು ಕಣೇ, ಲಾರಿಗಳ ಕಾಟ.”

“ಲಾರೀದಲ್ಲ ಅದು, ಬೆಟ್ಟದ್ದು! ಇರೋ ಹಾಗೇ ಬಿಟ್ಟು ಕೆಳಗೆ ಬನ್ನಿ.”

“ಇನ್ನೊಂದು ಸಾಲು ಇದೆ, ಮುಗಿಸಿ...”

“ನಿಮ್ಮ ದಮ್ಮಯ್ಯ ಅಂತೀನಿ, ಹೊರಡಿ!”

ಫೋನಿನಲ್ಲಿ ಅವನ ಹೆಜ್ಜೆ ಸದ್ದು ಕೇಳಿಸಿತು. ಬೈಕಿನ ಕಿಕ್ಕರ್ ಒದ್ದ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಒದ್ದ.

“ಸ್ಟಾರ್ಟೇ ಆಗ್ತಿಲ್ಲ ಕಣೇ,” ಎಂದು ನಕ್ಕ. “ಏರ್ ಫಿಲ್ಟರ್ ತುಂಬಾ ನಿನ್ನ ಕಂಬಳಿ.”

ಅವಳಿಗೆ ನಗು ಬರಲಿಲ್ಲ. ಕಿಟಕಿಯಾಚೆ ಬೆಟ್ಟದ ತುದಿ ಕಾಣುತ್ತಿರಲಿಲ್ಲ.

“ಓಡಿ ಬನ್ನಿ,” ಎಂದಳು. “ರೀ, ಬೈಕು ಅಲ್ಲೇ ಬಿಟ್ಟು ಓಡಿ ಬನ್ನಿ.”